ಅಣುವನ್ನು ಬೇಕಾದ ಕಡೆ ಒಡೆಯುವುದು ಹೇಗೆ? ಅತಿ ಚಿಕ್ಕ ಲೇಸರ್ ಪಲ್ಸ್‌ಗಳ ಸಮಗ್ರ ಮಾರ್ಗದರ್ಶಿ

ಅಣುವನ್ನು ಒಡೆಯುವುದು ದೊಡ್ಡ ಕೆಲಸವಲ್ಲ. ಸಾಕಷ್ಟು ಬಿಸಿ ಮಾಡಿದರೆ ಯಾವ ಅಣುವೂ ಒಡೆಯುತ್ತದೆ. ಕಷ್ಟ ಇರುವುದು ಬೇರೆ ಕಡೆ. ಯಾವ ಬಂಧ ಮುರಿಯಬೇಕು, ತುಂಡುಗಳು ಯಾವ ದಿಕ್ಕಿಗೆ ಹಾರಬೇಕು, ಉಳಿದ ಎಲೆಕ್ಟ್ರಾನ್ ಯಾರ ಪಾಲಾಗಬೇಕು ಎಂದು ನಾವು ತೀರ್ಮಾನಿಸುವುದು ಕಷ್ಟ.

ಲೇಸರ್ ಬಂದ ಹೊಸದರಲ್ಲಿ ಒಂದು ಸರಳ ಆಸೆ ಹುಟ್ಟಿತ್ತು. ಪ್ರತಿ ಬಂಧವೂ ತನ್ನದೇ ಆವರ್ತನದಲ್ಲಿ ಕಂಪಿಸುತ್ತದೆ. ಲೇಸರನ್ನು ಆ ಆವರ್ತನಕ್ಕೆ ಹೊಂದಿಸಿದರೆ ಆ ಬಂಧ ಮಾತ್ರ ಮುರಿಯಬೇಕು, ಅಲ್ವಾ? ಹಾಗಾಗಲಿಲ್ಲ. ಒಂದು ಬಂಧಕ್ಕೆ ಕೊಟ್ಟ ಶಕ್ತಿ ಕೆಲವೇ ಪಿಕೋಸೆಕೆಂಡುಗಳಲ್ಲಿ (ಒಂದು ಪಿಕೋಸೆಕೆಂಡ್ ಎಂದರೆ ಒಂದು ಸೆಕೆಂಡಿನ 10¹²ರಲ್ಲಿ ಒಂದು ಪಾಲು) ಇಡೀ ಅಣುವಿಗೆ ಹರಡಿಬಿಡುತ್ತದೆ. ಕೊನೆಗೆ ಮುರಿಯುವುದು ಎಲ್ಲಕ್ಕಿಂತ ದುರ್ಬಲವಾದ ಬಂಧವೇ. ಸುಮ್ನೆ ಬಿಸಿ ಮಾಡಿದ್ದರೂ ಅದೇ ಆಗುತ್ತಿತ್ತು.

ಹಾಗಾಗಿ ಶಕ್ತಿ ಹರಡುವ ಮೊದಲೇ ಕೆಲಸ ಮುಗಿಸಬೇಕು. ಅದಕ್ಕೆ ಬೇಕಾದದ್ದು ಕೆಲವೇ ಫೆಮ್ಟೊಸೆಕೆಂಡ್ ಇರುವ ಲೇಸರ್ ಪಲ್ಸ್, ಅಂದರೆ ಬೆಳಕಿನ ಒಂದು ಚಿಕ್ಕ ಮಿಂಚು. ಒಂದು ಫೆಮ್ಟೊಸೆಕೆಂಡ್ ಎಂದರೆ ಒಂದು ಸೆಕೆಂಡಿನ 10¹⁵ರಲ್ಲಿ ಒಂದು ಪಾಲು. ಹೈಡ್ರೋಜನ್ ಅಣು ಒಂದು ಸಲ ಕಂಪಿಸಲು ಸುಮಾರು 8 ಫೆಮ್ಟೊಸೆಕೆಂಡ್ ಸಾಕು. ಅಯೋಡಿನ್ ಸಯನೈಡ್ ಅಣುವಿನ ಬಂಧ ಮುರಿಯಲು ಸುಮಾರು 200 ಫೆಮ್ಟೊಸೆಕೆಂಡ್ ಬೇಕು ಎಂದು ಅಹ್ಮದ್ ಜವೇಲ್ ಅವರ ತಂಡ 1980ರ ದಶಕದಲ್ಲಿ ಅಳೆದು ತೋರಿಸಿತು. ಆ ಹಾದಿಯ ಕೆಲಸಕ್ಕೆ ಅವರಿಗೆ 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನೋಡುವುದು ಸಾಧ್ಯವಾದ ಮೇಲೆ ನಿಯಂತ್ರಿಸುವ ಆಸೆ ಮತ್ತೆ ಚಿಗುರಿತು.

ಇಂಥ ಲ್ಯಾಬ್‌ಗೆ ಹೊಸದಾಗಿ ಸೇರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಉದ್ದಕ್ಕೂ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಅಣು ಒಡೆಯುವ ರೀತಿ ಬದಲಾಯಿತು ಎಂದ ಮಾತ್ರಕ್ಕೆ ನಿಯಂತ್ರಣ ಸಿಕ್ಕಿತು ಎಂದಲ್ಲ. ಬೆಳಕು ಹೆಚ್ಚು ಕಡಿಮೆಯಾದರೂ ಒಡೆಯುವ ರೀತಿ ಬದಲಾಗುತ್ತದೆ. ಬೆಳಕಿನ ಅಲೆಯ ಆಕಾರದಿಂದಲೇ ಅದು ಬದಲಾಯಿತು ಎಂದು ತೋರಿಸಿದರೆ ಆಗ ಅದು ನಿಯಂತ್ರಣ.

ಹೆಜ್ಜೆ 1: ಮೊದಲು ಪ್ರಶ್ನೆ, ಆಮೇಲೆ ಅಣು

"ಈ ಅಣುವನ್ನು ನಿಯಂತ್ರಿಸುತ್ತೇನೆ" ಎಂದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಎರಡು ದಾರಿಗಳನ್ನು ಗುರುತಿಸಿ, ಅವುಗಳ ನಡುವಿನ ಅನುಪಾತವನ್ನು ಹಿಡಿಯಿರಿ.

ಅಸಿಟಿಲೀನ್ ನೋಡಿ. ಎರಡು ಕಾರ್ಬನ್, ಎರಡು ತುದಿಗೆ ಎರಡು ಹೈಡ್ರೋಜನ್, ಎಲ್ಲ ಒಂದೇ ಸಾಲಿನಲ್ಲಿ. ಇದರಿಂದ ಎರಡು ಎಲೆಕ್ಟ್ರಾನ್ ಕಿತ್ತರೆ ಅದು ಮೂರು ರೀತಿ ಒಡೆಯಬಹುದು. ನಡುವಿನ ಕಾರ್ಬನ್ ಬಂಧ ಮುರಿದು ಎರಡು ಸಮ ತುಂಡುಗಳಾಗಬಹುದು. ತುದಿಯ ಒಂದು ಪ್ರೋಟಾನ್ ಕಳಚಿಕೊಳ್ಳಬಹುದು. ಇಲ್ಲವೇ ಒಂದು ಹೈಡ್ರೋಜನ್ ಆ ತುದಿಯಿಂದ ಈ ತುದಿಗೆ ಓಡಿಬಂದು, ಆಮೇಲೆ ಬರಿ ಕಾರ್ಬನ್ ಒಂದು ಕಡೆ, ಎರಡು ಹೈಡ್ರೋಜನ್ ಇರುವ ಕಾರ್ಬನ್ ಇನ್ನೊಂದು ಕಡೆ ಹೋಗಬಹುದು. ಈ ಮೂರರ ಪಾಲು ಎಷ್ಟೆಷ್ಟು? ಅದು ಒಳ್ಳೆಯ ಪ್ರಶ್ನೆ.

ಆದರೆ ಮೊದಲ ಅಣುವಾಗಿ ಅಸಿಟಿಲೀನ್ ಬೇಡ. ಡ್ಯೂಟೀರಿಯಂನಿಂದ, ಅಂದರೆ ಭಾರ ಹೈಡ್ರೋಜನ್‌ನಿಂದ, ಶುರುಮಾಡಿ. ಅದರಲ್ಲಿ ಎರಡೇ ಪರಮಾಣು. ಒಂದು ಎಲೆಕ್ಟ್ರಾನ್ ಕಿತ್ತ ಮೇಲೆ ಎರಡು ನ್ಯೂಕ್ಲಿಯಸ್, ಒಂದೇ ಎಲೆಕ್ಟ್ರಾನ್ ಉಳಿಯುತ್ತವೆ. ಸಿದ್ಧಾಂತದ ಲೆಕ್ಕವನ್ನು ಇಲ್ಲಿ ನಂಬಬಹುದು. ಹೈಡ್ರೋಜನ್‌ಗಿಂತ ಇದು ಭಾರ, ಹಾಗಾಗಿ ನಿಧಾನ. ಆ ನಿಧಾನ ನಿಮ್ಮ ಪಲ್ಸ್‌ಗೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತದೆ. ಒಂದು ಎಚ್ಚರಿಕೆ: ವ್ಯಾಕ್ಯೂಮ್ ಚೇಂಬರಿನಲ್ಲಿ ಹೈಡ್ರೋಜನ್ ಯಾವಾಗಲೂ ಉಳಿದಿರುತ್ತದೆ. ಅದರ ಅಣು-ಅಯಾನು ಮತ್ತು ಡ್ಯೂಟೀರಿಯಂನ ಪರಮಾಣು-ಅಯಾನು ಎರಡಕ್ಕೂ ತೂಕ 2, ಚಾರ್ಜ್ 1. ಡಿಟೆಕ್ಟರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಅವನ್ನು ಬೇರೆ ಮಾಡುವುದು ವೇಗ. ಉಳಿಕೆ ಹೈಡ್ರೋಜನ್ ಒಡೆಯದ ಅಣು, ಹಾಗಾಗಿ ಚಿತ್ರದ ನಡುವೆ ಬೀಳುತ್ತದೆ. ಡ್ಯೂಟೀರಿಯಂ ತುಂಡು ಹಾರಿ ಹೊರಸುತ್ತಿಗೆ ಹೋಗುತ್ತದೆ.

ಹೆಜ್ಜೆ 2: ತೀವ್ರ ಬೆಳಕಿನಲ್ಲಿ ಅಣುವಿಗೆ ಏನಾಗುತ್ತದೆ ಎಂದು ಅರಿಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಉಪಕರಣ ಕಲಿಯುವುದು ಸುಲಭ. ತೆರೆಯ ಮೇಲೆ ಕಾಣುವ ಗುಡ್ಡಗಳು ಏನು ಹೇಳುತ್ತಿವೆ ಎಂದು ತಿಳಿಯಲು ಈ ಭಾಗ ಬೇಕು.

ನಾವು ಬಳಸುವ ತೀವ್ರತೆ ಚದರ ಸೆಂಟಿಮೀಟರಿಗೆ 10¹⁴ ವ್ಯಾಟ್ ಆಸುಪಾಸು, ಅಂದರೆ ಒಂದು ಕೋಟಿ ಕೋಟಿ ವ್ಯಾಟ್. ಅಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರ ಒಂದು ಆಂಗ್‌ಸ್ಟ್ರಾಮ್ (ಮೀಟರಿನ 10¹⁰ರಲ್ಲಿ ಒಂದು ಪಾಲು) ದೂರಕ್ಕೆ ಸುಮಾರು 2.7 ವೋಲ್ಟ್. ಎಲೆಕ್ಟ್ರಾನನ್ನು ಅಣುವಿಗೆ ಕಟ್ಟಿಹಾಕಿರುವ ಬಲಕ್ಕೆ ಇದನ್ನು ಹೋಲಿಸಬಹುದು. ಇಲ್ಲಿ ಬೆಳಕು ಅಣುವನ್ನು ಮೆಲ್ಲಗೆ ತಟ್ಟುವುದಿಲ್ಲ, ಅದರ ಬಂಧದ ಆಕಾರವನ್ನೇ ತಿದ್ದುತ್ತದೆ.

ಮೊದಲನೆಯದು ಬಂಧ ಸಡಿಲವಾಗುವುದು. ಕೆರೆಯ ಕೋಡಿಯನ್ನು ತಗ್ಗಿಸಿದರೆ ಅಲ್ಲಿಯವರೆಗೆ ನಿಂತಿದ್ದ ನೀರು ಹರಿದುಹೋಗುತ್ತದಲ್ಲ, ಹಾಗೆ ಲೇಸರ್ ಕ್ಷೇತ್ರ ಬಂಧದ ತಡೆಯನ್ನು ತಗ್ಗಿಸುತ್ತದೆ. ಒಳಗೆ ಕಂಪಿಸುತ್ತಿದ್ದ ಅಣು ಹೊರಗೆ ಜಾರುತ್ತದೆ. ತುಂಡುಗಳು ನಿಧಾನ, ಹೈಡ್ರೋಜನ್ ಅಯಾನಿನಲ್ಲಿ ಇವುಗಳ ಒಟ್ಟು ಶಕ್ತಿ ಸುಮಾರು 1 ಎಲೆಕ್ಟ್ರಾನ್ ವೋಲ್ಟ್ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನ್ ಗಳಿಸುವ ಶಕ್ತಿ) ಅಥವಾ ಅದಕ್ಕೂ ಕಡಿಮೆ. ಅಗತ್ಯಕ್ಕಿಂತ ಹೆಚ್ಚು ಫೋಟಾನ್ ನುಂಗಿ ಒಡೆದರೆ ತುಂಡುಗಳು ಇನ್ನೂ ಸ್ವಲ್ಪ ವೇಗವಾಗಿ ಬರುತ್ತವೆ.

ಎರಡನೆಯದು ಕೂಲಂಬ್ ಸ್ಫೋಟ. ಎರಡು ಎಲೆಕ್ಟ್ರಾನ್ ಹೋದರೆ ಉಳಿಯುವುದು ಎರಡು ಪಾಸಿಟಿವ್ ತುಂಡು. ಅವು ಒಂದನ್ನೊಂದು ತಳ್ಳುತ್ತವೆ. ಈ ಶಕ್ತಿಯ ಲೆಕ್ಕ ಬಹಳ ಸರಳ: 14.4 ಅನ್ನು ಆಂಗ್‌ಸ್ಟ್ರಾಮ್‌ನಲ್ಲಿ ಹೇಳಿದ ದೂರದಿಂದ ಭಾಗಿಸಿದರೆ ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ. ಹೈಡ್ರೋಜನ್ ಅಣುವಿನ ಸಹಜ ದೂರ 0.74 ಆಂಗ್‌ಸ್ಟ್ರಾಮ್. ಅಲ್ಲೇ ಎರಡೂ ಎಲೆಕ್ಟ್ರಾನ್ ಒಮ್ಮೆಲೇ ಹೋದರೆ 19.4 ಎಲೆಕ್ಟ್ರಾನ್ ವೋಲ್ಟ್. ನಿಮ್ಮ ತುಂಡುಗಳು 3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಬಂದರೆ, ಅಣು ಮೊದಲು ಹಿಗ್ಗಿ 4–5 ಆಂಗ್‌ಸ್ಟ್ರಾಮ್ ಆದ ಮೇಲೆ ಎರಡನೇ ಎಲೆಕ್ಟ್ರಾನ್ ಹೋಗಿದೆ ಎಂದರ್ಥ. ಇದು ಕಾಕತಾಳೀಯವಲ್ಲ. ಹಿಗ್ಗುತ್ತಿರುವ ಅಣುವಿನಲ್ಲಿ ಒಂದು ನಿರ್ದಿಷ್ಟ ದೂರದ ಬಳಿ ಎಲೆಕ್ಟ್ರಾನ್ ಕೀಳುವುದು ತುಂಬ ಸುಲಭವಾಗುತ್ತದೆ ಎಂದು ಜುವೋ ಮತ್ತು ಬ್ಯಾಂಡ್ರಾಕ್ 1995ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ತುಂಡುಗಳ ಶಕ್ತಿಯನ್ನು ಹೀಗೆ ಅಳತೆಗೋಲು ಮಾಡಿಕೊಳ್ಳುವುದು ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಡಿಟೆಕ್ಟರ್ ಮೇಲೆ ಬಿದ್ದ ಒಂದು ಚುಕ್ಕೆಯಿಂದ, ಎರಡನೇ ಎಲೆಕ್ಟ್ರಾನ್ ಹೋದ ಕ್ಷಣದಲ್ಲಿ ಎರಡು ಪರಮಾಣುಗಳು ಎಷ್ಟು ದೂರದಲ್ಲಿದ್ದವು ಎಂದು ಹೇಳಬಹುದು. ಅಣು ಹಿಗ್ಗುವಾಗಲೇ ಸ್ವಲ್ಪ ವೇಗ ಗಳಿಸಿರುತ್ತದೆ. ಅದನ್ನು ಕಳೆಯಲು ಮರೆಯಬೇಡಿ.

ಮೂರನೆಯದು ಎಲೆಕ್ಟ್ರಾನ್ ಮರಳಿ ಬಂದು ಡಿಕ್ಕಿ ಹೊಡೆಯುವುದು. ಕಿತ್ತ ಎಲೆಕ್ಟ್ರಾನನ್ನು ಕ್ಷೇತ್ರ ದೂರ ಒಯ್ದು, ದಿಕ್ಕು ಬದಲಾದಾಗ ವಾಪಸ್ ಎಸೆಯುತ್ತದೆ. 800 ನ್ಯಾನೊಮೀಟರ್ ಬೆಳಕಿನ ಒಂದು ಸುತ್ತು 2.67 ಫೆಮ್ಟೊಸೆಕೆಂಡ್. ಅದರೊಳಗೆ ಇದೆಲ್ಲ ನಡೆದುಹೋಗುತ್ತದೆ. ಹೊಳೆಯುವ ಬೆಳಕಿನ ಅಲೆಯೊಳಗೆ ಒಂದು ಗಡಿಯಾರ ಸಿಕ್ಕಂತಾಯಿತು.

ಹೆಜ್ಜೆ 3: ಪಲ್ಸ್ ಸಿದ್ಧಮಾಡಿ

ಸಾಮಾನ್ಯವಾಗಿ ಟೈಟಾನಿಯಂ ಸಫೈರ್ ಲೇಸರ್, 800 ನ್ಯಾನೊಮೀಟರ್, ಸೆಕೆಂಡಿಗೆ 1,000 ಅಥವಾ 10,000 ಪಲ್ಸ್. ಪಲ್ಸನ್ನು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ಉಪಾಯವನ್ನು 1985ರಲ್ಲಿ ಡಾನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಕೊಟ್ಟರು. 2018ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಇಂಥ ಲೇಸರ್‌ನಿಂದ ನೇರವಾಗಿ 25–30 ಫೆಮ್ಟೊಸೆಕೆಂಡ್ ಪಲ್ಸ್ ಸಿಗುತ್ತದೆ. 5 ಫೆಮ್ಟೊಸೆಕೆಂಡ್ ಬೇಕಾದರೆ ಅನಿಲ ತುಂಬಿದ ಟೊಳ್ಳು ಫೈಬರ್‌ನಲ್ಲಿ ಹಾಯಿಸಿ ಬಣ್ಣಗಳ ಹರವು ಹೆಚ್ಚಿಸಬೇಕು, ಆಮೇಲೆ ಚರ್ಪ್ ಕನ್ನಡಿಗಳಿಂದ, ಅಂದರೆ ಒಂದೊಂದು ಬಣ್ಣವನ್ನು ಬೇರೆ ಬೇರೆಯಾಗಿ ತಡಮಾಡುವ ಕನ್ನಡಿಗಳಿಂದ, ಕುಗ್ಗಿಸಬೇಕು. 30 ಫೆಮ್ಟೊಸೆಕೆಂಡಿಗೆ ಸುಮಾರು 31 ನ್ಯಾನೊಮೀಟರ್ ಹರವು ಸಾಕು. 5 ಫೆಮ್ಟೊಸೆಕೆಂಡಿಗೆ ಸುಮಾರು 190 ನ್ಯಾನೊಮೀಟರ್ ಬೇಕು.

ತೀವ್ರತೆಯ ಲೆಕ್ಕ ಹೀಗೆ. ಪಲ್ಸ್ ಶಕ್ತಿ 20 ಮೈಕ್ರೋಜೂಲ್, ಕಾಲ 30 ಫೆಮ್ಟೊಸೆಕೆಂಡ್ ಎಂದುಕೊಳ್ಳಿ. ಗರಿಷ್ಠ ಪವರ್ ಸುಮಾರು 0.63 ಗಿಗಾವ್ಯಾಟ್. ಫೋಕಸ್‌ನ ತ್ರಿಜ್ಯ 10 ಮೈಕ್ರಾನ್ ಆದರೆ, ಪವರಿನ ಎರಡರಷ್ಟನ್ನು ಆ ವೃತ್ತದ ಕ್ಷೇತ್ರಫಲದಿಂದ ಭಾಗಿಸಿ. ಚದರ ಸೆಂಟಿಮೀಟರಿಗೆ ಸುಮಾರು 4×10¹⁴ ವ್ಯಾಟ್ ಬರುತ್ತದೆ. ಕಾಗದದ ಮೇಲಿನ ಈ ಸಂಖ್ಯೆ ಚೇಂಬರಿನಲ್ಲಿ ಇರುವುದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಫೋಕಸ್ ಎಂದೂ ಪರಿಪೂರ್ಣವಲ್ಲ. ಆರ್ಗಾನ್ ಅಥವಾ ಝೆನಾನ್ ಅನಿಲದ ಅಯಾನುಗಳು ತೀವ್ರತೆಯೊಂದಿಗೆ ಹೇಗೆ ಹೆಚ್ಚುತ್ತವೆ ಎಂದು ಅಳೆದು, ಗೊತ್ತಿರುವ ಲೆಕ್ಕಕ್ಕೆ ಹೋಲಿಸಿ ನಿಜವಾದ ತೀವ್ರತೆ ಕಂಡುಕೊಳ್ಳಿ.

ಗಾಜಿನ ಬಗ್ಗೆ ಹುಷಾರು. ಒಂದೇ ಒಂದು ಮಿಲಿಮೀಟರ್ ಫ್ಯೂಸ್ಡ್ ಸಿಲಿಕಾ 30 ಫೆಮ್ಟೊಸೆಕೆಂಡ್ ಪಲ್ಸ್‌ಗೆ ಏನೂ ಮಾಡುವುದಿಲ್ಲ. 10 ಫೆಮ್ಟೊಸೆಕೆಂಡ್ ಪಲ್ಸನ್ನು 14ಕ್ಕೆ ಹಿಗ್ಗಿಸುತ್ತದೆ. 5 ಫೆಮ್ಟೊಸೆಕೆಂಡ್ ಪಲ್ಸನ್ನು 20ಕ್ಕೂ ಮೇಲೆ ಒಯ್ಯುತ್ತದೆ. ಚೇಂಬರಿನ ಕಿಟಕಿಯೇ ಇಷ್ಟು ದಪ್ಪ ಇರುತ್ತದೆ. ಹಾಗಾಗಿ ಫ್ರಾಗ್ ಅಥವಾ ಸ್ಪೈಡರ್ ಉಪಕರಣದಿಂದ ಪಲ್ಸನ್ನು ಅಳೆಯುವಾಗ, ಅಷ್ಟೇ ದಪ್ಪದ ಗಾಜು ಮತ್ತು ಅಷ್ಟೇ ಗಾಳಿಯನ್ನು ದಾಟಿಸಿಯೇ ಅಳೆಯಿರಿ.

ಕಣ್ಣಿನ ರಕ್ಷಣೆ ವಿಷಯದಲ್ಲಿ ರಾಜಿ ಬೇಡ. 800 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಮಸುಕು ಕೆಂಪಾಗಿ ಕಾಣುತ್ತದೆ, ಹಾಗಾಗಿ ಅದು ದುರ್ಬಲ ಎಂದು ಅನಿಸುತ್ತದೆ. ಕಣ್ಣಿನ ಮಸೂರ ಮಾತ್ರ ಅದನ್ನು ಚೆನ್ನಾಗಿಯೇ ರೆಟಿನಾ ಮೇಲೆ ಕೂಡಿಸುತ್ತದೆ. ಆ ತರಂಗಾಂತರಕ್ಕೆ ಹೊಂದುವ ಕನ್ನಡಕ ಹಾಕಿ. ಟೇಬಲ್ ಎತ್ತರಕ್ಕೆ ತಲೆ ತರಬೇಡಿ. ಕೈಗಡಿಯಾರ, ಉಂಗುರ ತೆಗೆದಿಡಿ.

ಹೆಜ್ಜೆ 4: ಚೇಂಬರ್ ಮತ್ತು ಡಿಟೆಕ್ಟರ್

ಅನಿಲವನ್ನು ಸಣ್ಣ ರಂಧ್ರದಿಂದ ಹಾಯಿಸಿ ತಣ್ಣನೆಯ ಜೆಟ್ ಮಾಡಿ. ಲೇಸರ್ ಅದನ್ನು ಅಡ್ಡಲಾಗಿ ದಾಟಲಿ. ವಿದ್ಯುತ್ ಕ್ಷೇತ್ರ ಅಯಾನುಗಳನ್ನು ಡಿಟೆಕ್ಟರ್ ಕಡೆ ಎಳೆಯುತ್ತದೆ. ಹಗುರ ಅಯಾನು ಬೇಗ, ಭಾರದ್ದು ತಡವಾಗಿ ಬರುತ್ತದೆ. ಕಾಲವು ತೂಕ ಮತ್ತು ಚಾರ್ಜ್ ಅನುಪಾತದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಎಲ್ಲಿ ಬಿತ್ತು ಎಂಬುದೂ ಗೊತ್ತಾದರೆ ಪೂರ್ತಿ ವೇಗ, ದಿಕ್ಕು ಎರಡೂ ಸಿಗುತ್ತವೆ.

ಎರಡು ಆಯ್ಕೆ ಇದೆ. 1997ರಲ್ಲಿ ಎಪಿಂಕ್ ಮತ್ತು ಪಾರ್ಕರ್ ರೂಪಿಸಿದ ವೇಗಚಿತ್ರಣ ವಿಧಾನ ಒಂದು: ಬೇಗ ಚಿತ್ರ ಕಟ್ಟುತ್ತದೆ. ಇನ್ನೊಂದು, ಒಂದೇ ಅಣುವಿನಿಂದ ಬಂದ ಎಲ್ಲ ತುಂಡುಗಳನ್ನೂ ಜೊತೆಯಾಗಿ ಹಿಡಿಯುವ ವಿಧಾನ. ಎರಡು ತುಂಡುಗಳ ಸಂವೇಗ ಕೂಡಿದರೆ ಸೊನ್ನೆ ಬರಬೇಕು. ಬಂದರೆ ಅವು ಒಂದೇ ಮನೆಯವು. ದೊಡ್ಡ ಅಣುಗಳಿಗೆ ಎರಡನೆಯದೇ ಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಅದಕ್ಕೆ ತಾಳ್ಮೆ ಬೇಕು. ಪ್ರತಿ ಪಲ್ಸ್‌ಗೆ ಸರಾಸರಿ 0.1 ಅಣು ಒಡೆಯುವಂತೆ ಇಡಿ. ಆಗಲೂ ಘಟನೆ ದಾಖಲಾದ ಪಲ್ಸ್‌ಗಳಲ್ಲಿ ಸುಮಾರು ಶೇಕಡ 5ರಲ್ಲಿ ಎರಡು ಅಣು ಒಟ್ಟಿಗೆ ಒಡೆದು ಗೊಂದಲ ಮಾಡಿರುತ್ತವೆ. ಸೆಕೆಂಡಿಗೆ 1,000 ಪಲ್ಸ್ ಇದ್ದರೆ ಗಂಟೆಗೆ ಸುಮಾರು 3,60,000 ಘಟನೆ. ಜಾಸ್ತಿ ಅನಿಸುತ್ತದೆ, ಆದರೆ ಶಕ್ತಿ, ದಿಕ್ಕು ಎಂದು ಹಂಚಿದಾಗ ಕರಗಿಹೋಗುತ್ತದೆ.

ವ್ಯಾಕ್ಯೂಮ್ 10⁻¹⁰ ಮಿಲಿಬಾರ್ ಇರಲಿ. ಮೇಲೆ ಹೇಳಿದ ಫೋಕಸ್‌ನಲ್ಲಿ ಆಗ ಸರಾಸರಿ ಒಂದಕ್ಕಿಂತ ಕಡಿಮೆ ಉಳಿಕೆ ಅಣು ಇರುತ್ತದೆ. 10⁻⁸ ಆದರೆ ಸುಮಾರು 60. ಜೋಡಿ ಹಿಡಿಯುವ ಪ್ರಯೋಗಕ್ಕೆ ಈ ವ್ಯತ್ಯಾಸ ನಿರ್ಣಾಯಕ. ಡಿಟೆಕ್ಟರ್ ಪ್ಲೇಟ್‌ಗೆ ವೋಲ್ಟೇಜ್ ಕೊಡುವ ಮೊದಲು ಒತ್ತಡ 10⁻⁶ ಮಿಲಿಬಾರ್‌ಗಿಂತ ಕೆಳಗೆ ಇದೆಯೇ ನೋಡಿಕೊಳ್ಳಿ.

ಹೆಜ್ಜೆ 5: ಅಣುವನ್ನು ಸಾಲಿಗೆ ನಿಲ್ಲಿಸಿ

ಬೇಕಾದರೆ ಮಾತ್ರ. ಅಣುಗಳು ಮನಬಂದ ದಿಕ್ಕಿಗೆ ತಿರುಗಿರುತ್ತವೆ. ಮೊದಲು ಒಂದು ದುರ್ಬಲ ಪಲ್ಸ್, ಅಯಾನು ಮಾಡದಷ್ಟು, 10¹³ ವ್ಯಾಟ್ ಆಸುಪಾಸು ಕೊಟ್ಟರೆ ಅವು ತಿರುಗಲು ತೊಡಗುತ್ತವೆ. ನಿಗದಿತ ಸಮಯಕ್ಕೆ ಮತ್ತೆ ಸಾಲಾಗುತ್ತವೆ. ನೈಟ್ರೋಜನ್‌ನಲ್ಲಿ ಈ ಪೂರ್ತಿ ಸುತ್ತು ಸುಮಾರು 8.4 ಪಿಕೋಸೆಕೆಂಡ್, ಆಕ್ಸಿಜನ್‌ನಲ್ಲಿ 11.6. ಒಡೆಯುವ ಪಲ್ಸನ್ನು ಆ ಹೊತ್ತಿಗೆ ಬಿಡಿ. ತಡ ಹೊಂದಿಸುವ ಕನ್ನಡಿ 1 ಮೈಕ್ರಾನ್ ಸರಿದರೆ 6.7 ಫೆಮ್ಟೊಸೆಕೆಂಡ್ ಬದಲಾಗುತ್ತದೆ.

ಹೆಜ್ಜೆ 6: ಯಾವ ಗುಂಡಿ ತಿರುಗಿಸಬೇಕು

ಎಲ್ಲಕ್ಕಿಂತ ಸರಳ ಗುಂಡಿ ಸಮಯ. ಒಂದು ಪಲ್ಸ್‌ನಿಂದ ಅಣುವನ್ನು ಚಲನೆಗೆ ತನ್ನಿ, ಸರಿಯಾದ ಕ್ಷಣಕ್ಕೆ ಇನ್ನೊಂದರಿಂದ ದಾರಿ ತಿರುಗಿಸಿ. ಈ ಯೋಚನೆಯನ್ನು ಟ್ಯಾನರ್, ಕೊಸ್ಲಾಫ್ ಮತ್ತು ರೈಸ್ 1980ರ ದಶಕದ ನಡುವೆ ಮುಂದಿಟ್ಟರು. ಇದರ ಅತಿ ಸುಂದರ ಉದಾಹರಣೆ 2006ರಲ್ಲಿ ಒಟ್ಟಾವಾದಿಂದ ಬಂತು. ಅಯೋಡಿನ್ ಬ್ರೋಮೈಡ್ ಒಡೆಯುವಾಗ ಬ್ರೋಮಿನ್ ಎರಡು ಸ್ಥಿತಿಗಳಲ್ಲಿ ಹೊರಬರಬಹುದು. ಒಡೆಯುತ್ತಿರುವ ಅಣು ಕವಲಿನ ಹತ್ತಿರ ಬಂದಾಗ ಇನ್ಫ್ರಾರೆಡ್ ಪಲ್ಸ್ ಒಂದನ್ನು ಬಿಟ್ಟು, ದಾರಿಯ ಏರುತಗ್ಗನ್ನು ಕ್ಷಣಕಾಲ ಬದಲಿಸಿ, ಅನುಪಾತವನ್ನು ತಿರುಗಿಸಿದರು. ಪಲ್ಸ್ ಬರುವ ಸಮಯ ಬದಲಾದರೆ ಫಲವೂ ಬದಲಾಗುತ್ತಿತ್ತು.

ಎರಡನೇ ಗುಂಡಿ ಎರಡು ಬಣ್ಣ. ಬಿಬಿಒ ಹರಳಿನಿಂದ 800ರ ಒಂದು ಭಾಗವನ್ನು 400 ನ್ಯಾನೊಮೀಟರ್ ಮಾಡಿ ಎರಡನ್ನೂ ಕೂಡಿಸಿ. ಆಗ ಅಲೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ ಆಗುತ್ತದೆ. ಯಾವ ಕಡೆ ಎತ್ತರ ಎಂಬುದನ್ನು ಎರಡರ ನಡುವಿನ ಫೇಸ್, ಅಂದರೆ ಒಂದರ ಶಿಖರಕ್ಕೆ ಇನ್ನೊಂದರ ಶಿಖರ ಎಷ್ಟು ಹಿಂದೆಮುಂದೆ ಇದೆ ಎಂಬುದು, ಹೇಳುತ್ತದೆ. ತೆಳು ಗಾಜಿನ ಬೆಣೆಯನ್ನು ಒಳಗೆ ತಳ್ಳಿದರೆ ಫೇಸ್ ಬದಲಾಗುತ್ತದೆ. ಫ್ಯೂಸ್ಡ್ ಸಿಲಿಕಾದಲ್ಲಿ ಸುಮಾರು 24 ಮೈಕ್ರಾನ್ ಹೆಚ್ಚಾದರೆ ಒಂದು ಪೂರ್ತಿ ಸುತ್ತು. ಮೊದಲ ಪ್ರಯೋಗಕ್ಕೆ ನಾನು ಶಿಫಾರಸು ಮಾಡುವುದು ಇದನ್ನೇ. 30 ಫೆಮ್ಟೊಸೆಕೆಂಡ್ ಪಲ್ಸ್‌ನಲ್ಲೂ ಇದು ನಡೆಯುತ್ತದೆ.

ಮೂರನೆಯದು ಸಿಇಪಿ, ಅಂದರೆ ಪಲ್ಸ್‌ನ ಹೊದಿಕೆಗೆ ಹೋಲಿಸಿದರೆ ಒಳಗಿನ ಅಲೆಯ ಶಿಖರ ಎಲ್ಲಿದೆ ಎಂಬುದು. ಪಲ್ಸ್ ಒಳಗೆ ಎರಡೇ ಅಲೆ ಇದ್ದಾಗ ಇದು ದೊಡ್ಡ ವಿಷಯವಾಗುತ್ತದೆ. 2006ರಲ್ಲಿ ಮಥಿಯಾಸ್ ಕ್ಲಿಂಗ್ ಮತ್ತು ಸಂಗಡಿಗರು 5 ಫೆಮ್ಟೊಸೆಕೆಂಡ್ ಪಲ್ಸ್‌ಗಳಿಂದ ಡ್ಯೂಟೀರಿಯಂ ಅಯಾನು ಒಡೆದರು. ಉಳಿದ ಒಂದೇ ಎಲೆಕ್ಟ್ರಾನ್ ಎಡಗಡೆಯ ನ್ಯೂಕ್ಲಿಯಸ್ ಜೊತೆ ಹೋಗಬೇಕೋ ಬಲಗಡೆಯದರ ಜೊತೆಯೋ ಎಂಬುದು ಸಿಇಪಿಯನ್ನು ಅನುಸರಿಸಿ ಬದಲಾಯಿತು. ಅಣು ಹಿಗ್ಗುವಾಗ ಎಲೆಕ್ಟ್ರಾನ್ ಎರಡರ ನಡುವೆ ಅತ್ತಿಂದಿತ್ತ ಜಿಗಿಯುತ್ತಿರುತ್ತದೆ. ದೂರ ಹೆಚ್ಚಾದಂತೆ ಜಿಗಿತ ನಿಂತು ಒಂದು ಕಡೆ ಸಿಕ್ಕಿಬೀಳುತ್ತದೆ. ಆ ಕ್ಷಣದವರೆಗೆ ಅದನ್ನು ತಳ್ಳುವುದು ಅಲೆಯ ಆಕಾರ. 2012ರಲ್ಲಿ ವಿಯೆನ್ನಾದ ತಂಡವೊಂದು ಇದೇ ಗುಂಡಿಯಿಂದ ಅಸಿಟಿಲೀನ್, ಎಥಿಲೀನ್, ಬ್ಯುಟಾಡೈಯೀನ್‌ಗಳ ಒಡೆತವನ್ನು ಹೆಚ್ಚು ಕಡಿಮೆ ಮಾಡಿ ತೋರಿಸಿತು. ಅಲ್ಲಿ ಮರಳಿ ಬರುವ ಎಲೆಕ್ಟ್ರಾನಿನ ಡಿಕ್ಕಿಯೇ ಕೈಗೆ ಸಿಕ್ಕ ಹಿಡಿ.

ನಾಲ್ಕನೆಯದು ಕಂಪ್ಯೂಟರಿಗೆ ಬಿಡುವುದು. ಪಲ್ಸ್‌ನ ಬಣ್ಣಗಳನ್ನು ಬಿಡಿಸಿ, ಒಂದೊಂದರ ಫೇಸ್ ತಿದ್ದಿ, ಮತ್ತೆ ಕೂಡಿಸುವ ಶೇಪರ್ ಇರುತ್ತದೆ. ಸಾವಿರಾರು ಆಕಾರಗಳನ್ನು ಪ್ರಯತ್ನಿಸಿ, ಒಳ್ಳೆಯ ಫಲ ಕೊಟ್ಟವನ್ನು ಬೆರೆಸಿ ಮುಂದಿನ ತಲೆಮಾರು ಮಾಡುತ್ತಾ ಹೋಗುತ್ತದೆ. ಜಡ್ಸನ್ ಮತ್ತು ರಾಬಿಟ್ಜ್ 1992ರಲ್ಲಿ ಇದನ್ನು ಸೂಚಿಸಿದರು. 1998ರಲ್ಲಿ ವುರ್ಟ್ಸ್‌ಬರ್ಗ್‌ನ ಗೆರ್ಬರ್ ತಂಡ ಕಬ್ಬಿಣದ ಒಂದು ಸಂಕೀರ್ಣ ಅಣುವಿನ ಮೇಲೆ ಮಾಡಿ ತೋರಿಸಿತು. 2001ರಲ್ಲಿ ಲೆವಿಸ್ ತಂಡ ಅಸಿಟೊಫಿನೋನ್‌ನಿಂದ ಟಾಲುಯೀನ್ ಮೂಡಿಸಿತು, ಅಂದರೆ ಒಡೆಯುವುದರ ಜೊತೆಗೆ ಹೊಸ ಬಂಧವನ್ನೂ ಕಟ್ಟಿತು. ಅದ್ಭುತ ಕೆಲಸ. ಆದರೂ ಇದನ್ನು ಮೊದಲೇ ಹಿಡಿಯಬೇಡಿ. ಉತ್ತರ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಹೆಜ್ಜೆ 7: ಇದು ನಿಯಂತ್ರಣವೇ ಎಂದು ಪರೀಕ್ಷಿಸಿ

ಶೇಪರ್ ಯಾವ ಆಕಾರ ಕೊಟ್ಟರೂ ಪಲ್ಸ್ ಉದ್ದವಾಗುತ್ತದೆ. ಉದ್ದವಾದರೆ ಗರಿಷ್ಠ ತೀವ್ರತೆ ಇಳಿಯುತ್ತದೆ. ತೀವ್ರತೆ ಇಳಿದರೆ ಒಡೆಯುವ ದಾರಿಗಳ ಅನುಪಾತ ತಾನಾಗಿಯೇ ಬದಲಾಗುತ್ತದೆ. ಹಾಗಾಗಿ ಮೊದಲು ಆಕಾರ ಕೊಡದ ಅತಿ ಚಿಕ್ಕ ಪಲ್ಸ್ ತೆಗೆದುಕೊಂಡು, ಶಕ್ತಿಯನ್ನು ಮಾತ್ರ ಇಳಿಸುತ್ತಾ ಅನುಪಾತದ ಗೆರೆ ಎಳೆಯಿರಿ. ಆಕಾರ ಕೊಟ್ಟ ಪಲ್ಸ್‌ನ ಬಿಂದು ಆ ಗೆರೆಯ ಮೇಲೆಯೇ ಬಿದ್ದರೆ ನೀವು ಮಾಡಿದ್ದು ಬೆಳಕು ಕಡಿಮೆ ಮಾಡಿದ್ದಷ್ಟೇ. ಗೆರೆಯಿಂದ ಸ್ಪಷ್ಟವಾಗಿ ಹೊರಗೆ ಬಿದ್ದರೆ ಮುಂದುವರಿಯಿರಿ. ಬರಿ ಶಕ್ತಿ ಇಳಿಸಿದ್ದು ಸಾಲದು, ಚರ್ಪ್ ಕೊಟ್ಟು, ಅಂದರೆ ಬಣ್ಣಗಳನ್ನು ಹಿಂದೆಮುಂದೆ ಸರಿಸಿ, ಉದ್ದ ಮಾಡಿದ ಪಲ್ಸ್‌ನಿಂದಲೂ ಇದೇ ಗೆರೆ ಎಳೆದು ನೋಡಿ. ಫೋಕಸ್‌ನ ನಡುವೆ ತೀವ್ರತೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಅಳತೆಯಲ್ಲಿ ಎಲ್ಲವೂ ಬೆರೆತಿರುತ್ತವೆ ಎಂಬುದೂ ನೆನಪಿರಲಿ.

ಫೇಸ್ ಪ್ರಯೋಗಗಳಲ್ಲಿ ಪ್ರಕೃತಿಯೇ ಒಂದು ಪರೀಕ್ಷೆ ಇಟ್ಟಿದೆ. ಸಿಇಪಿಯನ್ನು ಅರ್ಧ ಸುತ್ತು ಬದಲಿಸಿದರೆ ಅಲೆ ತಲೆಕೆಳಗಾಗುತ್ತದೆ. ಆಗ ಎಡ-ಬಲದ ವ್ಯತ್ಯಾಸವೂ ತಲೆಕೆಳಗಾಗಬೇಕು, ಪೂರ್ತಿ ಸುತ್ತಿಗೆ ಮೊದಲಿನಂತೆ ಆಗಬೇಕು. ಆದರೆ ದಿಕ್ಕು ನೋಡದೆ ಎಣಿಸಿದ ಒಟ್ಟು ಇಳುವರಿ ಅರ್ಧ ಸುತ್ತಿಗೇ ಮೊದಲಿನಂತೆ ಆಗಬೇಕು. ಮನಬಂದಂತೆ ತಿರುಗಿರುವ ಅಣುಗಳಿಗೆ ಎಡಕ್ಕೂ ಬಲಕ್ಕೂ ಭೇದವಿಲ್ಲವಲ್ಲ. ಒಟ್ಟು ಇಳುವರಿ ಪೂರ್ತಿ ಸುತ್ತಿಗೆ ಒಂದೇ ಸಲ ಏರಿಳಿದರೆ ಲೇಸರ್ ಶಕ್ತಿ ಫೇಸ್ ಜೊತೆ ಅಲುಗಾಡುತ್ತಿದೆಯೇ ಎಂದು ಹುಡುಕಿ.

ಎಡ-ಬಲ ವ್ಯತ್ಯಾಸವನ್ನು ಒಂದಕ್ಕೊಂದು ಕಳೆದು ಮೊತ್ತದಿಂದ ಭಾಗಿಸಿ ಬರೆಯಿರಿ. ಲೇಸರ್ ಸ್ವಲ್ಪ ಏರಿಳಿದರೂ ಈ ಸಂಖ್ಯೆ ಅಷ್ಟಾಗಿ ಕದಲುವುದಿಲ್ಲ. ಇದರ ತಪ್ಪಿನ ಅಂದಾಜು ಎಣಿಕೆಯ ವರ್ಗಮೂಲದಿಂದ ಬರುತ್ತದೆ: 10,000 ತುಂಡು ಎಣಿಸಿದರೆ ಶೇಕಡ 1. ಫೇಸನ್ನು 20 ಭಾಗ ಮಾಡಿದರೆ 2,00,000 ತುಂಡು ಬೇಕು. ಶಕ್ತಿಯ ಪ್ರಕಾರವೂ ವಿಂಗಡಿಸಿದರೆ ಇನ್ನೂ ಎಷ್ಟೋ ಪಟ್ಟು. ಆದರೂ ವಿಂಗಡಿಸಿಯೇ ನೋಡಿ. ಬಂಧ ಸಡಿಲವಾಗಿ ಬಂದ ನಿಧಾನ ತುಂಡುಗಳು ಮತ್ತು ಡಿಕ್ಕಿಯಿಂದ ಬಂದ ವೇಗದ ತುಂಡುಗಳು ಒಂದೇ ಫೇಸ್‌ಗೆ ಬೇರೆ ಬೇರೆ ರೀತಿ ಪ್ರತಿಕ್ರಿಯಿಸಬಹುದು. ಎಲ್ಲವನ್ನೂ ಕೂಡಿಸಿದರೆ ಒಂದನ್ನೊಂದು ಅಳಿಸಿಹಾಕಿ ಏನೂ ಇಲ್ಲ ಎಂದು ತೋರಬಹುದು.

ಅಳೆಯುವ ಕ್ರಮವನ್ನೂ ಕಲೆಸಿ. ಫೇಸನ್ನು ಸಾಲಾಗಿ ಏರಿಸುತ್ತಾ ಹೋದರೆ ಲೇಸರ್ ನಿಧಾನವಾಗಿ ಸರಿಯುವುದೇ ಫೇಸ್‌ನ ಪರಿಣಾಮದಂತೆ ಕಾಣುತ್ತದೆ. ಮನಬಂದ ಕ್ರಮದಲ್ಲಿ ಹಾರುತ್ತಾ ಅಳೆದರೆ ಆ ಸುಳ್ಳು ಉಳಿಯುವುದಿಲ್ಲ. ಡ್ಯೂಟೀರಿಯಂನಲ್ಲಿ ಈ ಪರೀಕ್ಷೆಗಳೆಲ್ಲ ದಾಟಿದ ಮೇಲೆ ಅದೇ ಲೇಸರ್, ಅದೇ ಡಿಟೆಕ್ಟರ್ ಇಟ್ಟುಕೊಂಡು ಅನಿಲದ ಬಾಟಲಿ ಮಾತ್ರ ಬದಲಿಸಿ ಅಸಿಟಿಲೀನ್‌ಗೆ ಹೋಗಿ.